ಕಿಟಕಿ ಪಕ್ಕದ ಹೊಂಬಾಳೆ

ಸೊಸೆಮ್ಮಾ,

ಪುಟ್ಟಿ ಅವಳಪ್ಪನ ಜೊತೆ ನಡುಮನೇಲಿ ಮಲಗಿದಾಳೆ, ಎಬ್ಬಿಸ್ಬೇಡ. ಹಿತ್ತಲ ಕಡೆ ಕಿಟಕಿ ಮಾತ್ರ ತೆಗೀಬೇಡ, ಕೈ ಮುಗೀತೀನಿ.

ಡಾಕ್ಟರು ಅವಳ ತೋಳಿನ ಮೇಲೆ ಸಾಲಾಗಿ ಹನಿ ಇಟ್ಟು ಚುಚ್ಚಿ ನೋಡಿದ್ರು. ಬಟ್ಟೆ ಧೂಳಿನ ಹನಿಗೆ ಏನೂ ಆಗ್ಲಿಲ್ಲ. ತೆಂಗಿನ ಹೂವಿನ ಪರಾಗದ್ದು ಮಾತ್ರ ಕಣ್ಣೆದುರೇ ಗೋಲಿ ಗಾತ್ರ ಊದ್ಕೊಳ್ತು! "ಉಬ್ಬಸಕ್ಕೆ ಇದೇ ಕಾರಣ ಇರ್ಬಹುದು" ಅಂದ್ರು. ಪಾತ್ರೆ ತೊಳೆದ ನೀರು ಹೊಯ್ದು ನಾನೇ ಬೆಳೆಸಿದ ಮರ ಕಣೇ ಅದು! ಒಳ್ಳೆ ಗಾಳಿ ಬರ್ಲಿ ಅಂತ ಮಗು ಮಂಚಾನ ಆ ಕಿಟಕಿ ಹತ್ರ, ಅದರ ಹೊಂಬಾಳೆ ಪಕ್ಕಕ್ಕೇ ಎಳೆದು ಹಾಕಿದವಳು ನಾನು. ದಿನಾ ಬೆಳಗ್ಗೆ ದಿಂಬಿನ ಮೇಲಿನ ಹಳದಿ ಪುಡಿ ಕೊಡವ್ತಾ, ಎಲ್ಲ ನಿನ್ನ ಬಟ್ಟೆ ಧೂಳು ಅಂತ ಬೈದು, ಹೊಲಿಗೆ ಮಿಷನ್ ಸಮೇತ ನಿನ್ನನ್ನ ಶೆಡ್ಡಿಗೆ ಅಟ್ಟಿದವಳೂ ನಾನೇ.

ಅಡುಗೆಗೆ ಕಾಯಿ ಹಾಕ್ಬಹುದಂತೆ, ಅದನ್ನೂ ಕೇಳ್ಕೊಂಡು ಬಂದೆ. ಈಗ ಮರ ಹತ್ತೋನನ್ನ ಕರೆಯೋಕೆ ಹೋಗ್ತಿದೀನಿ. ಹೊಂಬಾಳೆ ಒಂದೂ ಉಳಿಸಲ್ಲ.

ನಿನ್ನ ಮಿಷನ್ನು ಮೊದಲಿದ್ದ ಜಾಗದಲ್ಲೇ ಇಡಿಸಿದೀನಿ. ನಾನು ವಾಪಸ್ ಬರೋ ಹೊತ್ತಿಗೆ ಅದರ ಸದ್ದು ಬೀದಿಗೆಲ್ಲ ಕೇಳಿಸ್ತಿರ್ಬೇಕು.

— ನಿನ್ನತ್ತೆ