ಒಂದು ತೋಳಿನ ದೂರ

ಬ್ರೌನ್ಸ್‌ವಿಲ್
ನವೆಂಬರ್ ೧೧, ೨೦೧೮

ಪ್ರೀತಿಯ ದೊರೋತೆಯಾ ಅಕ್ಕನಿಗೆ,

ನಿನ್ನ ಎರಡೂ ಕೆನ್ನೆಗೆ ಎಲ್ವಿಯ ಮುತ್ತುಗಳು. ನೀನು ಕಾಗದದ ಮೇಲೆ ಕಾಗದ ಹಾಕಿದರೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೋ, ನಿನ್ನಿಂದ ಬೈಸಿಕೊಳ್ಳುವುದು ನನಗೆ ಹೊಸದೇನಲ್ಲ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ನಿನಗಿಂತ ಹಟಮಾರಿ. ಶಾಲೆ ಹುಡುಗಿಯ ಹಾಗೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ ಎಂದು ನಗಬೇಡ. ಈಚೆಗೆ ನನಗೆ ಪೆನ್ಸಿಲೇ ಹಿತ.

ಸಾಲ್ಟಿಯೊದಿಂದ ನೀನು ಕಳಿಸಿದ ಸಿಹಿ ಬ್ರೆಡ್ಡನ್ನು ಮೊಮ್ಮಗ ತಾವಿತೋ ಒಬ್ಬನೇ ಮುಗಿಸಿದ. ಸತ್ತವರ ಹಬ್ಬಕ್ಕೆಂದು ಅಮ್ಮನ ಫೋಟೋದ ಮುಂದೆ ಇಟ್ಟ ತುಂಡನ್ನೂ ಬಿಡಲಿಲ್ಲ. ಗದರಿದರೆ, "ಅಜ್ಜಿ, ಮುತ್ತಜ್ಜಿಗೆ ಹಲ್ಲೇ ಇರ್ಲಿಲ್ಲ ಅಂತ ನೀನೇ ಹೇಳಿದ್ದೆ" ಅಂದ.

"ಆ ಮಕ್ಕಳಿಗೆ ಹೊಟ್ಟೆಗೆ ಸರಿಯಾಗಿ ಹಾಕ್ತಾರೇನೇ?" ಎಂದು ಕೇಳಿದ್ದೀಯ. ಹಾಕುತ್ತಾರೆ ಅಕ್ಕಾ. ಗಡಿ ದಾಟಿ ಈ ದೇಶಕ್ಕೆ ಬಂದ ಮಕ್ಕಳನ್ನು, ಅವರ ಮನೆಯವರು ಯಾರಾದರೂ ಸಿಗುವವರೆಗೂ, ಸರ್ಕಾರ ಗುತ್ತಿಗೆದಾರರ ಆಶ್ರಯಗಳಲ್ಲಿ ಇಡುತ್ತದೆ; ಅವರು ಹೇಗೆ ನೋಡಿಕೊಳ್ಳುತ್ತಾರೆಂದು ನಾನು ಹೋಗಿ ನೋಡಿ ವರದಿ ಬರೆಯುತ್ತೇನೆ. ಈಗ ಹೇಳುತ್ತಿರುವ ಆಶ್ರಯ ಮುಂಚೆ ದೊಡ್ಡ ಅಂಗಡಿಯಾಗಿತ್ತು, ಕಿಟಕಿ ಇಲ್ಲ. ಉಳಿದಂತೆ ತಪ್ಪು ಹುಡುಕಲು ಹೋದವಳಿಗೆ ನಿರಾಸೆಯಾಗುವಷ್ಟು ಅಚ್ಚುಕಟ್ಟು. ಹಾಸಿಗೆ ಶುಭ್ರ, ಹಲ್ಲುಜ್ಜುವ ಬ್ರಷ್ಷಿನ ಮೇಲೂ ಹೆಸರು. ಆದರೆ ಅಲ್ಲೊಂದು ನಿಯಮವಿತ್ತು. ಮಕ್ಕಳು ಒಬ್ಬರನ್ನೊಬ್ಬರು ಮುಟ್ಟಬಾರದು, ಯಾವಾಗಲೂ ಒಂದು ತೋಳಿನ ದೂರದಲ್ಲಿರಬೇಕು. ಒಡಹುಟ್ಟಿದವರಾದರೂ ಅಷ್ಟೇ. ಮುಟ್ಟಿದರೆ ಅಲ್ಲಿನ ಸಿಬ್ಬಂದಿ ಬರೆದುಕೊಳ್ಳುತ್ತಾರೆ, ಬರೆದುಕೊಂಡರೆ ಮನೆಯವರ ಹತ್ತಿರ ಕಳಿಸುವುದಿಲ್ಲ ಎಂಬುದು ಮಕ್ಕಳ ಭಯ. ಹಾಗೇನಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿ ಗ್ವಾಟೆಮಾಲಾದ ಓದಿಲಿಯಾ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಾಳೆ. ಅವಳ ತಮ್ಮ ಎಲ್ಮೆರ್, ಆರು ವರ್ಷದವನು. ಇಬ್ಬರಿಗೂ ತಾಯಿ ಒಬ್ಬಳೇ, ತಂದೆ ಬೇರೆ. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ ಇರುವುದರಿಂದ ಊಟದ ಸಾಲಿನಲ್ಲಷ್ಟೇ ಅವರ ಭೇಟಿ. ಅಲ್ಲಿ ಎಲ್ಮೆರ್ ಕೈ ಚಾಚಿ ದೂರ ಅಳೆಯುತ್ತಿದ್ದ.

"ನನ್ ಕೈಯಲ್ಲೇ ಅಳೆಯೋಣ ಅಕ್ಕಾ. ನನ್ ಕೈ ಚಿಕ್ದು, ಹತ್ರ ನಿಲ್ಬೋದು."

"ಕಳ್ಳ! ದಿನಾ ನಿನ್ ಕೈಯೇನಾ?" ಎಂದು ಅವಳು ಅಣಕಿಸುವಳು. ಆದರೆ ದಿನವೂ ಅವನ ಕೈಯನ್ನೇ ಒಪ್ಪುವಳು. ಅವರ ಮುಂದೆ ನಾನೂ ನಕ್ಕೆ, ಆಮೇಲೆ ಕಾರಿನಲ್ಲಿ ಕೂತು ಅತ್ತೆ.

ಅಷ್ಟರಲ್ಲಿ ಎಲ್ಮೆರನ ಅಪ್ಪ ಟೆನೆಸಿಯಲ್ಲಿ ಸಿಕ್ಕಿದ. ಹುಡುಗನನ್ನು ಅವನ ಹತ್ತಿರ ಕಳಿಸುವುದೆಂದಾಯಿತು. ಓದಿಲಿಯಾ ಅವನ ಮಗಳಲ್ಲವಲ್ಲ, ಅವಳು ಇಲ್ಲೇ. ಮತ್ತೆ ಯಾವ ಕಾಲಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತಾರೋ ದೇವರಿಗೇ ಗೊತ್ತು. ಹೋಗುವ ಮುಂಚೆ ಒಂದು ಸಲವಾದರೂ ಅವಳು ತಮ್ಮನನ್ನು ತಬ್ಬಿಕೊಳ್ಳಬೇಕೆಂದು ನಾನು ಪಟ್ಟು ಹಿಡಿದೆ. ಅಲ್ಲಿನ ಮ್ಯಾನೇಜರ್ ಕವಾಸೋಸ್ ನನಗೆ ಕಾಫಿ ಕೊಟ್ಟು ಕೂರಿಸಿದ.

"ಸೆನ್ಯೋರಾ, ಒಂದ್ ಮಗು ಇನ್ನೊಂದನ್ನ ಮುಟ್ಟಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದ್ಲು ನಮ್ಮ ಕುತ್ತಿಗೆ ಹಿಡಿಯೋರು ನೀವೇ."

"ಅಕ್ಕ ತಮ್ಮನ್ನ ತಬ್ಕೊಂಡ್ರೆ ನಿಮ್ ಕಟ್ಟಡ ಬಿದ್ದೋಗುತ್ತಾ?"

"ಗುತ್ತಿಗೆ ಬಿದ್ದೋಗುತ್ತೆ."

ಅವನು ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಚೆನ್ನಾಗಿ ಜಗಳವಾಡಿ ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆ. ಮೇಲಿನವರಿಗೆ ಬರೆದೆ, ಮತ್ತೆ ಬರೆದೆ, ಅವರ ತಲೆ ತಿಂದೆ. ಕೊನೆಗೂ ನಿಯಮ ತೆಗೆದರು. ಗೋಡೆಯ ಮೇಲಿನ ಫಲಕವನ್ನು ಕವಾಸೋಸನೇ ಕಿತ್ತು, "ಗೆದ್ರಲ್ಲ ಸೆನ್ಯೋರಾ, ಬಂದು ಕಣ್ಣಾರೆ ನೋಡ್ಕೊಳ್ಳಿ" ಅಂದ.

ಎಲ್ಮೆರ್ ಹೊರಡುವ ದಿನ ಬಾಗಿಲ ಬಳಿ ನಿಂತಿದ್ದೆ. ಅವನು ಅಕ್ಕನ ಕಡೆ ಓಡಿ ಬಂದವನು ಅರ್ಧಕ್ಕೇ ನಿಂತು, ಅಭ್ಯಾಸಬಲದಿಂದ ತನ್ನ ಪುಟ್ಟ ಕೈ ಚಾಚಿದ.

"ಮುಟ್ಬೋದು ಕಂದಾ. ಈಗ ಮುಟ್ಬೋದು" ಅಂದೆ.

ಓದಿಲಿಯಾ ನನ್ನ ಕಡೆ ನೋಡಿದಳು. ಆಮೇಲೆ ಹಿಂದಕ್ಕೆ ಸರಿದು ತನ್ನ ಉದ್ದನೆಯ ಕೈ ಚಾಚಿ ಅಳೆದಳು.

"ಅಲ್ಲೇ ನಿಂತ್ಕೋ. ಇವತ್ತು ನನ್ ಕೈ ಲೆಕ್ಕ. ನೀನು ಹೋಗೋಕೆ ಏನೂ ತೊಂದ್ರೆ ಆಗ್ಬಾರ್ದು."

ಅವನು ನಿಂತ. ಅಕ್ಕನ ಬೆರಳುಗಳನ್ನೇ ನೋಡಿದ. ವ್ಯಾನಿನ ಬಾಗಿಲು ಹಾಕುವವರೆಗೂ ಅವಳು ಚಾಚಿದ ಕೈ ಇಳಿಸಲಿಲ್ಲ.

ಅಂದಿನಿಂದ ಆ ಕೈ ನನ್ನನ್ನು ಬಿಟ್ಟಿಲ್ಲ ಅಕ್ಕಾ. ಚರ್ಚಿನ ಸಾಲಿನಲ್ಲಿ ಮುಂದೆ ನಿಂತವರಿಗೂ ನನಗೂ ನಡುವೆ ಅದು ಇರುತ್ತದೆ. ತಾವಿತೋ ಓಡಿ ಬಂದು ಸೊಂಟ ತಬ್ಬಿದರೆ, ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗುತ್ತೇನೆ. "ಅಜ್ಜಿ, ಅಲ್ಲಿ ಯಾರೂ ಇಲ್ಲ" ಎನ್ನುತ್ತಾನೆ. ಆ ಮಕ್ಕಳ ಎದೆಯಲ್ಲಿ ಅಂಥ ಭಯ ತುಂಬಿದವರಿಗೆ ಹಿಡಿಶಾಪ ಹಾಕಿದ್ದೇನೆ. ಓದಿಲಿಯಾ ಇನ್ನೂ ಅಲ್ಲೇ ಇದ್ದಾಳೆ, ಊಟದ ಸಾಲಿನಲ್ಲಿ ಒಬ್ಬಳೇ.

ಮಂಡಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಹತ್ತಬೇಡ. ದೇವಮಾತೆ ನಿನ್ನನ್ನು ತನ್ನ ಸೆರಗಿನಲ್ಲಿಟ್ಟು ಕಾಯಲಿ. ನನಗಾಗಿ ಒಂದು ಮೇಣದಬತ್ತಿ ಹಚ್ಚು, ಆ ಹುಡುಗಿಗಾಗಿ ಇನ್ನೊಂದು.

ನಿನ್ನ ತಂಗಿ,
ಎಲ್ವಿ

ಮತ್ತೆ: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಓದಿಲಿಯಾ ನನ್ನ ಕಡೆ ನೋಡಿದಳು ಎಂದೆನಲ್ಲ, ಅವಳು ನನ್ನ ಮುಖ ನೋಡಲಿಲ್ಲ ಅಕ್ಕಾ. ನನ್ನ ಕೈ ನೋಡಿದಳು. ಅಕ್ಕ ತಮ್ಮನನ್ನು ತಬ್ಬಿಕೊಂಡಳು ಎಂದು ವರದಿಯಲ್ಲಿ ಬರೆದುಕೊಳ್ಳಲು ನಾನು ಪೆನ್ನು ತೆರೆದು ಹಿಡಿದು ನಿಂತಿದ್ದೆ.