ಅತ್ತ ಹದಿನಾಲ್ಕು ಕೂಸುಗಳು

ಜಾಲಿಕೊಪ್ಪ
ಫೆಬ್ರವರಿ 30, 2203

ಜಾಲಿಕೊಪ್ಪ ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಮಹಾರುದ್ರ ಹಂಚಿನಾಳ ಅವರಿಗೆ,

ತಾರೀಖು ಕಂಡು ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮಲ್ಲಿ ಕ್ಷಮೆ ಕೇಳುವುದು ಅದೊಂದಕ್ಕೇ.

ನಾನು ಗುರುಬಾಯಿ, ಈ ಊರಿನ ಅಳುಸಾಕ್ಷಿ. ಹೆರಿಗೆ ಕೋಣೆಯಲ್ಲಿ ಕೂತು, ಕೂಸು ಅತ್ತದ್ದನ್ನು ಕಿವಿಯಾರೆ ಕೇಳಿ ಸಹಿ ಹಾಕುವವಳಿಗೆ ಹಾಗೆನ್ನುತ್ತೇವೆ. ಒಮ್ಮೆ ಅತ್ತ ಕೂಸು ಮರುಗಳಿಗೆಯಲ್ಲೇ ಹೋದರೂ ಅದಕ್ಕೊಂದು ಹೆಸರಿಟ್ಟು, ಒಂದು ಜನನ, ಒಂದು ಮರಣ ಎಂದು ಎರಡೂ ಕಡೆ ಬರೆಯುತ್ತೇವೆ. ನಲವತ್ತು ಸಾವಿರ ಜನರಿರುವ ಇಲ್ಲಿ ಕಳೆದ ವರ್ಷ ಹುಟ್ಟಿದ್ದು ತೊಂಬತ್ತಾರು ಕೂಸು. ಅರ್ಧಕ್ಕಿಂತ ಹೆಚ್ಚು ಜನ ಅರವತ್ತು ದಾಟಿದವರು. ಶಾಲೆಯ ಒಂದು ಕೋಣೆಯಲ್ಲಿ ಪಾಠ ನಡೆದರೆ ಉಳಿದವುಗಳಲ್ಲಿ ಮುದುಕರು ಚೌಕಾಬಾರ ಆಡುತ್ತಾರೆ. ಕೂಸಿನ ಅಳು ಕೇಳಿದರೆ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಈಗ ನಿಮ್ಮ ವಿಷಯ. ಜೀವಂತ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲು ತೀರಿಕೊಂಡವು ಎಷ್ಟು ಎಂಬುದೇ ಶಿಶು ಮರಣ ದರ. ಅದು ಇಳಿಯಬೇಕೆಂದು ನಿಮಗೆ ಅವಸರ. ಉಳಿಸುವ ಕಷ್ಟ ಯಾಕೆ ಎಂದು, ಒಂದೇ ವರ್ಷದಲ್ಲಿ ಹುಟ್ಟಿ ಸತ್ತ ಹದಿನಾಲ್ಕು ಕೂಸುಗಳನ್ನು ‘ಸತ್ತೇ ಹುಟ್ಟಿದವು’ ಎಂದು ಬರೆಸಿದಿರಿ. ದರ ಇಳಿಯಿತು, ನಿಮಗೆ ಶಾಲು ಹೊದಿಸಿದರು.

ಆದರೆ ಲಸಿಕೆಯ ಪುಸ್ತಕ ಮರೆತಿರಿ. ನಿಮ್ಮ ನರ್ಸುಗಳು, ಪಾಪ, ಹುಟ್ಟಿದ ಕೂಡಲೇ ಲಸಿಕೆ ಹಾಕಿ ತೂಕ, ಹೊತ್ತು ಬರೆದಿಟ್ಟಿದ್ದರು. ಹದಿನಾಲ್ಕೂ ಅಲ್ಲಿವೆ. ಹೆಣಕ್ಕೆ ಲಸಿಕೆ ಹಾಕಿಸಿದ ಡಾಕ್ಟರು ನೀವೊಬ್ಬರೇ ಇರಬೇಕು.

ಅವುಗಳಲ್ಲೊಂದು ಶಾವಂತ್ರೆವ್ವನ ಕೂಸು. ಐದು ತಾಸು ಬದುಕಿತ್ತು. ಆಕೆ ನಿಮ್ಮ ಕಚೇರಿಗೇ ಬಂದು, “ಅತ್ತಿತ್ರೀ ಸಾಹೇಬ್ರ, ನನ್ನ ಕೈಯಾಗ ಅತ್ತಿತ್ತು” ಎಂದಳು. ನೀವು ತಲೆ ಎತ್ತಲಿಲ್ಲ. ನಾನು ಆಕೆಯ ಹಿರಿಮಗಳ ಸಂತತಿ. ಆ ಮಾತು ಏಳು ತಲೆಮಾರು ದಾಟಿ ನನ್ನವರೆಗೆ ಬಂದಿದೆ.

ಸಾವು ಕಡಿಮೆಯಿರುವ ತಾಲ್ಲೂಕಿಗೆ ಇದೆಲ್ಲ ಯಾಕೆ ಎಂದು ಮೇಲಿನವರು, ದಿನ ತುಂಬದ ಕೂಸುಗಳನ್ನು ಬೆಚ್ಚಗಿಡುವ ಯಂತ್ರವನ್ನು ಬೇರೆ ಕಡೆಗೆ ಸಾಗಿಸಿದರು. ನೀವೇ ಸಹಿ ಹಾಕಿ ಕಳಿಸಿದಿರಿ. ಆ ಲಾರಿ ಹೊರಟ ಮರುದಿನ ಈ ಪತ್ರ ನಿಮ್ಮ ಮೇಜಿನ ಮೇಲಿರುತ್ತದೆ.

ನೀವು ತೊಂಬತ್ತೊಂದು ವರ್ಷ ಬದುಕುತ್ತೀರಿ. ನಿಮ್ಮ ಮರಣದ ನಮೂದನ್ನೂ ನೋಡಿದ್ದೇನೆ. ಅದಕ್ಕೂ ಮೊದಲು ನಿಮ್ಮ ಮೊಮ್ಮಗಳು ಇದೇ ಆಸ್ಪತ್ರೆಯಲ್ಲಿ ಏಳು ತಿಂಗಳಿಗೇ ಹೆರುತ್ತಾಳೆ. ತಾರೀಖು ನನಗೆ ಗೊತ್ತು, ಹೇಳುವುದಿಲ್ಲ. ಹದಿನಾಲ್ಕು ನಮೂದುಗಳನ್ನು ನಿಮ್ಮ ಕೈಯಾರೆ ತಿದ್ದಿ ಕಳಿಸಿದರೆ ಶಾಲು ಹೋಗುತ್ತದೆ, ಯಂತ್ರ ಮರಳಿ ಬರುತ್ತದೆ. ನನಗೆ ಸಿಕ್ಕಿರುವ ರಿಜಿಸ್ಟರಿನಲ್ಲಿ ತಿದ್ದುಪಡಿ ಇಲ್ಲ.

ನಿಮ್ಮ ಮೇಲೆ ನನಗೆ ಕನಿಕರವಿಲ್ಲ. ಹೊಟ್ಟೆಯ ಉರಿ ಆರಲೆಂದೇ ಬರೆದೆ. ನಿಮ್ಮ ಮೊಮ್ಮಗಳ ಕೂಸು ಅಳುತ್ತದೆ; ನೀವು ಬಾಗಿಲಾಚೆ ನಿಂತು ಕೇಳುತ್ತೀರಿ. ಸ್ವಲ್ಪ ಹೊತ್ತಿಗೆ ಅಳು ನಿಲ್ಲುತ್ತದೆ. ಆಗ ಗುಮಾಸ್ತ, ಹಳೇ ಸಾಹೇಬರೆಂಬ ಗೌರವದಿಂದ, ರಿಜಿಸ್ಟರು ಹಿಡಿದು ನಿಮ್ಮ ಹತ್ತಿರವೇ ಬರುತ್ತಾನೆ: “ಏನಂತ ಬರೀಲ್ರೀ, ಸಾಹೇಬ್ರ?”

ಗುರುಬಾಯಿ