ಯಾವ ಬಾಗಿಲ ಹಿಂದೆ?

ಭಾನುವಾರ ಕಳೆದು ರಾತ್ರಿ ಎರಡೂಕಾಲು. ಟಪ್ಪೆಂದು ಏನೋ ಬಿದ್ದ ಸದ್ದಿಗೆ ಎಚ್ಚರವಾಯಿತು. ಮಗಳು ಅಪ್ಪಿಕೊಂಡು ಮಲಗಿದ್ದ ಹೊಸ ಶೂ. ಬೆಳಗಾದರೆ ಅವಳ ಶಾಲೆ ಶುರು.

ತಾಯಂದಿರ ಸಭೆಯಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹೇಳಿದ್ದರು: "ಗೇಟಿನ ಹತ್ರ ಮಗು ಹಣೆಗೆ ಶಿಲುಬೆ ಗುರುತು ಹಾಕಿ, ಹೊರಟುಬಿಡಿ. ತಿರುಗಿ ನೋಡ್ಬೇಡಿ. ಮನೇಲೇ ಅಭ್ಯಾಸ ಮಾಡ್ಸಿ." ವಾರವಿಡೀ ಮಾಡಿಸಿದೆ. ಅಡುಗೆಮನೆಯ ಬಾಗಿಲೇ ಗೇಟು. ಹಣೆ ಮುಟ್ಟಿದರೆ ಕಚಗುಳಿಯೆಂದು ಕಿಲಕಿಲ ನಗುತ್ತಾಳೆ. ನಾನು ಬಾಗಿಲಾಚೆ ಹೋಗಿ, ಮರುಕ್ಷಣವೇ "ಬಂದೇ!" ಎಂದು ಓಡಿಬಂದು ಎತ್ತಿಕೊಳ್ಳುತ್ತಿದ್ದೆ. ನನ್ನ ಬಂಗಾರ ಅಳುವುದೇ ಇಲ್ಲ ಎಂದು ಬೀಗಿದ್ದೂ ಬೀಗಿದ್ದೇ.

ಮಲಗುವಾಗ ಕೇಳಿದಳು: "ಅಮ್ಮ, ನಾಳೆ ನೀನು ಯಾವ ಬಾಗಿಲ ಹಿಂದೆ ಬಚ್ಚಿಟ್ಕೋತೀಯ?"

ಇವರಿಗೆ ಹೇಳಿದರೆ, "ಮೊದ್ಲು ನೀನು ಅಳದೇ ಇರು ಮಹಾತಾಯಿ" ಎಂದು ಮಗ್ಗುಲು ಬದಲಿಸಿದರು.

ಅತ್ತರೆ ಹೇಗೋ ಸಹಿಸಬಹುದು. ನಾನು ಈಗ ಬಂದೆ, ಆಗ ಬಂದೆ ಎಂದು ನಗುತ್ತಲೇ ಕಾದು ನಿಂತರೆ?

ಅಮ್ಮಾ, ನನ್ನನ್ನೂ ಅದೇ ಗೇಟಿನಲ್ಲಿ ಬಿಟ್ಟವಳು ನೀನು. ಏನು ಹೇಳಿ ಬಿಟ್ಟುಹೋದೆ? ನನಗೊಂದೂ ನೆನಪಿಲ್ಲ. ಈ ಡೈರಿಯನ್ನು ನೀನು ಓದುವುದಿಲ್ಲ, ಗೊತ್ತು. ಆದರೂ ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡಮ್ಮ. ಅವತ್ತು ನೀನು ತಿರುಗಿ ನೋಡಿದೆಯಾ?